ಸಿಯರ್ಪಿನ್ಸ್ಕಿ ತ್ರಿಕೋನದ ಲೋಹದ ಹಾಳೆಯಲ್ಲಿ ಮೂಲೆ ಮೋಡ್: ಲೆಕ್ಕದಿಂದ ಅಳತೆಯವರೆಗೆ ಸಮಗ್ರ ಮಾರ್ಗದರ್ಶಿ

ಸಿಯರ್ಪಿನ್ಸ್ಕಿ ತ್ರಿಕೋನ ಒಂದು ಫ್ರ್ಯಾಕ್ಟಲ್, ಅಂದರೆ ಒಂದೇ ವಿನ್ಯಾಸ ಚಿಕ್ಕದಾಗುತ್ತ ತನ್ನೊಳಗೇ ಮರುಕಳಿಸುವ ಆಕಾರ. ಮೋಡ್ ಎಂದರೆ ವಸ್ತು ತನ್ನದೇ ಆವರ್ತನದಲ್ಲಿ ಕಂಪಿಸುವ ಒಂದು ರೀತಿ. ಜೋಡಣೆಗಳ ವಿನ್ಯಾಸದಿಂದಲೇ ಮೂಲೆಯಲ್ಲಿ ಸಿಕ್ಕಿಕೊಳ್ಳುವ ಕಂಪನ ಟೋಪಾಲಜಿಕಲ್ ಮೂಲೆ ಮೋಡ್. ಫ್ರ್ಯಾಕ್ಟಲ್ ಆಕಾರದ ಸ್ಥಿತಿಸ್ಥಾಪಕ ಹಾಳೆಯಲ್ಲಿ ಅದನ್ನು ಹುಡುಕಲು ಹೊರಟವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಒಬ್ಬರಿಗೆ ಮೂಲೆಯಲ್ಲಿ ಏನೂ ಕಾಣುವುದಿಲ್ಲ. ಇನ್ನೊಬ್ಬರಿಗೆ ಮೂಲೆಯಲ್ಲಿ ಜೋರಾದ ಕಂಪನ ಸಿಗುತ್ತದೆ, ಆದರೆ ಅದು ಟೋಪಾಲಜಿಯ ಫಲವಲ್ಲ, ಅಂಚಿನ ದೋಷ. ಎರಡಕ್ಕೂ ಕಾರಣ ಒಂದೇ: ಮೂಲೆಯ ಬಿಲ್ಲೆಗೆ (ಹಾಳೆಯ ಕಂಪಿಸುವ ದುಂಡು ಭಾಗಕ್ಕೆ) ಒಂದು ನೆರೆ ಕಡಿಮೆ, ಆದ್ದರಿಂದ ಅದರ ಸ್ವಂತ ಆವರ್ತನ ಬೇರೆಯವುಗಳಿಗಿಂತ ಬೇರೆ. ಅದನ್ನು ಸರಿಪಡಿಸದೆ ಮಾಡಿದ ಅಳತೆ ಏನನ್ನೂ ಸಾಬೀತು ಮಾಡುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. 3ನೇ ಹಂತ ಬಿಟ್ಟು 6ಕ್ಕೆ ಹಾರಿದವರು ಮತ್ತೆ 3ಕ್ಕೇ ಬಂದು ನಿಲ್ಲುತ್ತಾರೆ.

ಇಲ್ಲಿ ಕಟ್ಟುವ ರಚನೆ ಇದು: 1 ಮಿ.ಮೀ. ಅಲ್ಯೂಮಿನಿಯಂ ಹಾಳೆಯನ್ನು ಎರಡು ದಪ್ಪ ಫಲಕಗಳ ನಡುವೆ ಬಿಗಿಯುತ್ತೇವೆ. ಫಲಕಗಳಲ್ಲಿ ದುಂಡು ತೂತುಗಳಿವೆ. ತೂತಿನೊಳಗೆ ಕಾಣುವ ಹಾಳೆಯ ಭಾಗವೇ ಒಂದು ‘ಬಿಲ್ಲೆ’, ಸುತ್ತ ಬಿಗಿದ ಪುಟ್ಟ ತಮಟೆಯಂತೆ. ತೂತಿನಿಂದ ತೂತಿಗೆ ಕೊರೆದ ಸೀಳು ಪಕ್ಕದ ಬಿಲ್ಲೆಗಳನ್ನು ಜೋಡಿಸುತ್ತದೆ. ಅಗಲ ಸೀಳು ಗಟ್ಟಿ ಜೋಡಣೆ, ಕಿರಿದು ಸೀಳು ದುರ್ಬಲ ಜೋಡಣೆ.

ಬಿಲ್ಲೆಗಳನ್ನು ಸಣ್ಣ ಪಟ್ಟಿಗಳಿಂದ ಕಟ್ಟಿ ತೂಗುಬಿಡುವ ವಿನ್ಯಾಸ ಸುಲಭವಾಗಿ ಕಂಡರೂ ಮೊದಲ ಪ್ರಯತ್ನಕ್ಕೆ ಬೇಡ. ಅಲ್ಲಿ ಎರಡು ಬಿಲ್ಲೆ ಒಂದು ಮೇಲೆ ಒಂದು ಕೆಳಗೆ ಹೋದಾಗ ಇಡೀ ಜೋಡಿ ಸುಮ್ಮನೆ ಓರೆಯಾಗುತ್ತದೆ, ಪಟ್ಟಿ ಬಾಗುವುದೇ ಇಲ್ಲ. ಸರಳ ಸ್ಪ್ರಿಂಗ್ ಲೆಕ್ಕ ಅಲ್ಲಿಗೆ ಮುರಿದುಬೀಳುತ್ತದೆ.

ಬೇಕಾಗುವ ಸಾಮಾನು

ಒಂದೇ ತುಂಡಿನಿಂದ ಕತ್ತರಿಸಿದ 1 ಮಿ.ಮೀ. ಅಲ್ಯೂಮಿನಿಯಂ ಹಾಳೆ, 500 × 450 ಮಿ.ಮೀ. ಅದೇ ಅಳತೆಯ 10 ಮಿ.ಮೀ. ಅಲ್ಯೂಮಿನಿಯಂ ಫಲಕ ಎರಡು, ಎರಡನ್ನೂ ಒಟ್ಟಿಗೆ ಹಿಡಿದು ಸಿಎನ್‌ಸಿಯಲ್ಲಿ ಕೊರೆಸಬೇಕು. 6 ಮಿ.ಮೀ. ಡವೆಲ್ ಪಿನ್ ಎರಡು, ಎಂ5 ಬೋಲ್ಟುಗಳು, ಟಾರ್ಕ್ ವ್ರೆಂಚ್. ಪುಟ್ಟ ಸ್ಪೀಕರ್, 8 ಮಿ.ಮೀ. ಒಳವ್ಯಾಸದ ಕೊಳವೆ, 6 ಮಿ.ಮೀ. ಎಲೆಕ್ಟ್ರೆಟ್ ಮೈಕ್ರೋಫೋನ್, 48 ಕಿಲೋಹರ್ಟ್ಸ್ ಸೌಂಡ್‌ಕಾರ್ಡ್. ಲೆಕ್ಕಕ್ಕೆ ಪೈಥಾನ್, ಜೊತೆಗೆ ಪ್ಲೇಟ್ ಮೋಡ್ ಬಿಡಿಸಬಲ್ಲ ಯಾವುದಾದರೂ ಫೈನೈಟ್ ಎಲಿಮೆಂಟ್ ತಂತ್ರಾಂಶ. ಲೇಸರ್ ವೈಬ್ರೋಮೀಟರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲದು.

ಫಲಕಗಳೂ ಅಲ್ಯೂಮಿನಿಯಂನವೇ ಇರಲಿ. ಉಕ್ಕಿನ ಫಲಕ ಹಾಕಿದರೆ ಕೋಣೆ 5 ಡಿಗ್ರಿ ಬಿಸಿಯಾದಾಗ ಎರಡು ಲೋಹಗಳ ಹಿಗ್ಗುವಿಕೆಯ ವ್ಯತ್ಯಾಸದಿಂದ ಹಾಳೆ ಒತ್ತಡಕ್ಕೆ ಸಿಗುತ್ತದೆ, ಆವರ್ತನ ಸುಮಾರು 1% ಇಳಿಯುತ್ತದೆ. 6 ಕಿಲೋಹರ್ಟ್ಸ್‌ನಲ್ಲಿ ಅದು 60–70 ಹರ್ಟ್ಸ್.

ಅಕ್ರಿಲಿಕ್ ಬೇಡವೇ ಬೇಡ. ಲೇಸರ್‌ನಲ್ಲಿ ಕತ್ತರಿಸಲು ಸುಲಭವೆಂದು ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಅದರ ಡ್ಯಾಂಪಿಂಗ್‌ನಿಂದ, ಅಂದರೆ ಕಂಪನ ನುಂಗುವ ಗುಣದಿಂದ, ಆವರ್ತನದ ಶಿಖರ ಎಷ್ಟು ಚೂಪು ಎಂದು ಹೇಳುವ ಗುಣಾಂಕ (ಕ್ಯೂ) 20ರ ಆಸುಪಾಸಿಗೆ ಬರುತ್ತದೆ. ಆಗ ಒಂದೊಂದು ಶಿಖರದ ಅಗಲವೇ 300 ಹರ್ಟ್ಸ್, ನಾವು ನೋಡಬೇಕಾದ ಬ್ಯಾಂಡ್‌ಗ್ಯಾಪ್ (ಆವರ್ತನಗಳ ಎರಡು ಕಂತೆಗಳ ನಡುವಿನ ಖಾಲಿ ಅಂತರ) 280.

## ಹಂತ 1: ವಿಳಾಸ ಕೊಡಿ, ನೆರೆಗಳನ್ನು ಪಟ್ಟಿ ಮಾಡಿ

ಪ್ರತಿ ಬಿಲ್ಲೆಗೆ 0, 1, 2 ಅಂಕಿಗಳ ಮೂರಕ್ಷರದ ವಿಳಾಸ ಕೊಡಿ: 000ದಿಂದ 222ರವರೆಗೆ 27 ಬಿಲ್ಲೆಗಳು. ಸ್ಥಾನ ಕಂಡುಹಿಡಿಯುವುದು ಹೀಗೆ: 0 ಎಂದರೆ ಚಲಿಸಬೇಡಿ, 1 ಎಂದರೆ ಬಲಕ್ಕೆ, 2 ಎಂದರೆ 60 ಡಿಗ್ರಿ ಮೇಲಕ್ಕೆ. ಮೊದಲ ಅಂಕಿಗೆ 200 ಮಿ.ಮೀ., ಎರಡನೆಯದಕ್ಕೆ 100, ಮೂರನೆಯದಕ್ಕೆ 50. ಬುಡದ ಸಾಲಿನಲ್ಲಿ 8 ಬಿಲ್ಲೆ, ಕೇಂದ್ರದಿಂದ ಕೇಂದ್ರಕ್ಕೆ ಒಟ್ಟು 350 ಮಿ.ಮೀ.

ಜೋಡಣೆಯ ನಿಯಮ ಎರಡೇ. ಕೊನೆಯ ಅಂಕಿ ಮಾತ್ರ ಬೇರೆಯಾದ ಮೂರು ಬಿಲ್ಲೆಗಳು ಒಂದು ಗುಂಪು, ಅವುಗಳ ನಡುವೆ ‘ಒಳಸೀಳು’. ಇನ್ನು ‘ಹೊರಸೀಳು’: ವಿಳಾಸದ ಬಾಲದಲ್ಲಿ ಒಂದೇ ಅಂಕಿ ಎಷ್ಟು ಬಾರಿ ಬಂದಿದೆ ನೋಡಿ, ಅದರ ಹಿಂದಿನ ಅಂಕಿಯೊಂದಿಗೆ ಅದಲುಬದಲು ಮಾಡಿ. 012ರ ಜೋಡಿ 021, 011ರ ಜೋಡಿ 100. ಅಂದರೆ ಹನೋಯ್ ಗೋಪುರದ ಆಟದ ನಕ್ಷೆಯೇ ಇದು.

ಎಣಿಸಿ ನೋಡಿ: ಒಳಸೀಳು 27, ಹೊರಸೀಳು 12. 000, 111, 222 ಈ ಮೂರಕ್ಕೆ ಹೊರಸೀಳು ಇಲ್ಲ, ಉಳಿದ 24ಕ್ಕೂ ತಲಾ ಒಂದು. ಎಣಿಕೆ ತಪ್ಪಿದರೆ ಮುಂದೆ ಹೋಗಬೇಡಿ.

## ಹಂತ 2: ಮೊದಲು ಮ್ಯಾಟ್ರಿಕ್ಸ್, ಆಮೇಲೆ ಲೋಹ

ಸಮನಾಗಿ ಮರುಕಳಿಸುವ ಜಾಲರಿಯ ಒಂದು ತುಂಡಿನಿಂದಲೇ ಇಡೀ ಜಾಲರಿಯ ಅಲೆಗಳನ್ನು ಲೆಕ್ಕ ಹಾಕಲು ಬಿಡುವ ಬ್ಲೋಕ್ ಪ್ರಮೇಯ ಇಲ್ಲಿ ನಡೆಯುವುದಿಲ್ಲ. ರಚನೆ ಒಂದೇ ಹೆಜ್ಜೆಯಲ್ಲಿ ಮರುಕಳಿಸದ ಕಾರಣ ತರಂಗ ಸದಿಶದ ಬ್ಯಾಂಡ್ ನಕ್ಷೆ ಎಂಬುದೇ ಇಲ್ಲ. ಸಾಮಾನ್ಯ ಜಾಲರಿಯ ನಕ್ಷೆ ಬರೆದು ಅದರ ಗ್ಯಾಪ್ ಅನ್ನು ಫ್ರ್ಯಾಕ್ಟಲ್‌ಗೆ ಅಂಟಿಸುವ ಅಭ್ಯಾಸ ಬಿಡಿ. ಪ್ರತಿ ಬಿಲ್ಲೆಗೆ ಒಂದು ಅಡ್ಡಸಾಲು, ಒಂದು ಕಂಬಸಾಲು ಇರುವ 27 × 27 ಮ್ಯಾಟ್ರಿಕ್ಸ್ ನೇರವಾಗಿ ಬಿಡಿಸಿದರೆ ಸಾಕು, ಕ್ಷಣದ ಕೆಲಸ.

ಕರ್ಣದಲ್ಲಿ (ಬಿಲ್ಲೆಯ ಸ್ವಂತ ಆವರ್ತನದ ಜಾಗದಲ್ಲಿ) 6,000, ಒಳಸೀಳಿನ ಜಾಗದಲ್ಲಿ −40, ಹೊರಸೀಳಿನ ಜಾಗದಲ್ಲಿ −200, ಎಲ್ಲವೂ ಹರ್ಟ್ಸ್‌ನಲ್ಲಿ. ಇವು ನಾವು ತಲುಪಬೇಕಾದ ಗುರಿಯ ಸಂಖ್ಯೆಗಳು. ಬರುವ 27 ಮೋಡ್‌ಗಳು ಮೂರು ಕಂತೆಯಾಗಿ ಒಡೆಯುತ್ತವೆ:

ಕೆಳಗೆ 12, 5,720ರಿಂದ 5,840ರೊಳಗೆ. ಇಲ್ಲಿ ಹೊರಸೀಳಿನ ಜೋಡಿಗಳು ಒಂದೇ ಫೇಸ್‌ನಲ್ಲಿ, ಅಂದರೆ ಒಟ್ಟಿಗೆ ಮೇಲೆ ಒಟ್ಟಿಗೆ ಕೆಳಗೆ, ಕಂಪಿಸುತ್ತವೆ.
ನಡುವೆ 3, ಸುಮಾರು 1 ಹರ್ಟ್ಸ್ ವ್ಯತ್ಯಾಸದೊಳಗೆ 6,000ದಲ್ಲೇ. ಇವೇ ಮೂಲೆ ಮೋಡ್‌ಗಳು.
ಮೇಲೆ 12, 6,120ರಿಂದ 6,240ರೊಳಗೆ. ಇಲ್ಲಿ ಜೋಡಿಗಳು ವಿರುದ್ಧ ಫೇಸ್‌ನಲ್ಲಿ.

12–3–12. ಈ ಎಣಿಕೆಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಕಾರಣ ಕಷ್ಟದ್ದಲ್ಲ. ಗಟ್ಟಿ ಜೋಡಣೆ ಎಲ್ಲ ಬಿಲ್ಲೆಗಳನ್ನೂ ಇಬ್ಬಿಬ್ಬರಾಗಿ ಕಟ್ಟಿ ಒಂದನ್ನು 200 ಕೆಳಗೆ, ಒಂದನ್ನು 200 ಮೇಲಕ್ಕೆ ತಳ್ಳುತ್ತದೆ. ಜೋಡಿ ಸಿಗದ ಮೂರು ಮಾತ್ರ ಇದ್ದಲ್ಲೇ ಉಳಿಯುತ್ತವೆ. ದುರ್ಬಲ ಜೋಡಣೆ ಗಟ್ಟಿಯದರ ಅರ್ಧಕ್ಕಿಂತ ಹೆಚ್ಚಾದರೆ ಗ್ಯಾಪ್‌ನಲ್ಲಿ ಅವುಗಳಿಗೆ ಜಾಗ ಉಳಿಯುವ ಖಾತ್ರಿಯಿಲ್ಲ. ಮೂರನೇ ಒಂದರೊಳಗೆ ಇಟ್ಟರೆ ಖಾತ್ರಿ. ಐದನೇ ಒಂದು ಎಂಬುದು ನೆಮ್ಮದಿಯ ಅನುಪಾತ.

ಮೋಡ್ ಆಕಾರವನ್ನೂ ಬರೆದಿಟ್ಟುಕೊಳ್ಳಿ, ಕೊನೆಯ ಹಂತದಲ್ಲಿ ಇದೇ ಸಾಕ್ಷಿ. ಮೂಲೆಯ ಬಿಲ್ಲೆ 1 ಎಂದರೆ, ಅದೇ ಗುಂಪಿನ ಇನ್ನೆರಡು ಬಿಲ್ಲೆಗಳು ಬಹುತೇಕ 0. ಆ ಎರಡರ ಹೊರಸೀಳು ದಾಟಿದ ಬಿಲ್ಲೆಗಳು −0.2. ಹತ್ತಿರದವರು ಸುಮ್ಮನೆ, ದೂರದವರು ಅಲುಗುತ್ತಾರೆ! ಈ ವಿಚಿತ್ರ ವಿನ್ಯಾಸ ಬರೀ ದೋಷದಿಂದ ಹುಟ್ಟಿದ ಮೋಡ್‌ನಲ್ಲಿ ಬರುವುದಿಲ್ಲ.

ತಂತ್ರಾಂಶ ಕೊಡುವ ಮೂರು ಮೋಡ್‌ಗಳು ಮೂರೂ ಮೂಲೆಗಳ ಬೆರಕೆಯಾಗಿರಬಹುದು. ಆಗ ಸಾಂದ್ರತೆಯ ಸೂಚಿ (ನಾಲ್ಕನೇ ಘಾತಗಳ ಮೊತ್ತವನ್ನು ವರ್ಗಗಳ ಮೊತ್ತದ ವರ್ಗದಿಂದ ಭಾಗಿಸಿದ್ದು) 0.85 ಬದಲು 0.28ರಷ್ಟು ಬರುತ್ತದೆ. ಗಾಬರಿ ಬೇಡ. ಒಂದು ಮೂಲೆಯ ಕರ್ಣಕ್ಕೆ 2 ಹರ್ಟ್ಸ್ ಸೇರಿಸಿದರೆ ಆ ಮೂಲೆ ಬೇರ್ಪಡುತ್ತದೆ.

ಈಗ ಎರಡು ಹೋಲಿಕೆಯ ಲೆಕ್ಕಗಳು. ಮೊದಲನೆಯದರಲ್ಲಿ 40 ಮತ್ತು 200 ಅದಲುಬದಲು ಮಾಡಿ: 9 ಮೋಡ್ 5,560–5,640ರಲ್ಲಿ, 18 ಮೋಡ್ 6,160–6,240ರಲ್ಲಿ, ನಡುವೆ ಖಾಲಿ. ಎರಡನೆಯದರಲ್ಲಿ ನಡುವಿನ ದೊಡ್ಡ ಖಾಲಿ ಜಾಗಕ್ಕೆ ಒಂದು ಗುಂಪು ತುಂಬಿ ಫ್ರ್ಯಾಕ್ಟಲ್ ಅಲ್ಲದ ತ್ರಿಕೋನ ಮಾಡಿ, 30 ಬಿಲ್ಲೆ. ಅಲ್ಲಿ ಮೂವರ ಗಟ್ಟಿ ಕೂಟಗಳು ಹುಟ್ಟಿ 5,600ರ ಬಳಿ 3 ಹೊಸ ಮೋಡ್ ಬರುತ್ತವೆ. ಫ್ರ್ಯಾಕ್ಟಲ್‌ನಲ್ಲಿ 5,600ರ ಬಳಿ ಏನೂ ಇರಕೂಡದು. ಮೂಲೆ ಮೋಡ್ ಮಾತ್ರ ಫ್ರ್ಯಾಕ್ಟಲ್‌ನಲ್ಲೂ ಈ ತುಂಬಿದ ತ್ರಿಕೋನದಲ್ಲೂ ಇರುತ್ತದೆ. ಹಾಗಾಗಿ ‘ನಮ್ಮದು ಫ್ರ್ಯಾಕ್ಟಲ್’ ಎನ್ನಲು ಮೂಲೆ ಮೋಡ್ ತೋರಿಸಿದರೆ ಸಾಲದು, ಈ ಖಾಲಿತನವನ್ನೂ ತೋರಿಸಬೇಕು.

## ಹಂತ 3: ಮೂಲೆಯ ಬಿಲ್ಲೆಯನ್ನು ಸರಿದೂಗಿಸಿ

ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ತುಂಬ 6,000 ಎಂದು ಬರೆಯುವುದು ಸುಲಭ. ಲೋಹ ಹಾಗೆ ಮಾತು ಕೇಳುವುದಿಲ್ಲ.

ಬಿಲ್ಲೆಯ ಅಂಚಿನಲ್ಲಿ ಸೀಳು ತೆರೆದರೆ ಬಿಗಿತ ಸಡಿಲವಾಗುತ್ತದೆ, ಸ್ವಂತ ಆವರ್ತನ ಇಳಿಯುತ್ತದೆ. ಬಿಗಿತ ಸಡಿಲಿಸಿದಾಗ ಯಾವ ಮೋಡ್‌ನ ಆವರ್ತನವೂ ಏರುವುದಿಲ್ಲ ಎಂಬುದು ರ‍್ಯಾಲೀ ತತ್ವ. ಜೋಡಿಯ ವಿರುದ್ಧ ಫೇಸ್ ಮೋಡ್‌ಗೂ ಇದು ಅನ್ವಯ. ಆದ್ದರಿಂದ ಹೊರಸೀಳೇ ಇಲ್ಲದ ಬಿಲ್ಲೆಯ ಆವರ್ತನ ಉಳಿದವಕ್ಕಿಂತ ಕನಿಷ್ಠ 200 ಹರ್ಟ್ಸ್ ಮೇಲಿರುತ್ತದೆ. ಅಂದರೆ ಮೂಲೆಯನ್ನು ಹಾಗೇ ಬಿಟ್ಟರೆ ಅದರ ಮೋಡ್ ನೇರ ಮೇಲಿನ ಕಂತೆಯೊಳಗೆ, ಅಥವಾ ಅದನ್ನೂ ದಾಟಿ ಮೇಲಕ್ಕೆ ಹೋಗುತ್ತದೆ. ಕಂತೆಯೊಳಗೆ ಹೋದರೆ ‘ಮೂಲೆ ಮೋಡ್ ಇಲ್ಲ’ ಎಂಬ ದೂರು. ದಾಟಿ ಹೋದರೆ ‘ಮೂಲೆಯಲ್ಲಿ ಎಷ್ಟು ಚಂದ ಸಿಕ್ಕಿಬಿದ್ದಿದೆ’ ಎಂಬ ಸಂಭ್ರಮ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಚಿತ್ರ ಸುಂದರವಾಗಿರುತ್ತದೆ.

ಪರಿಹಾರ ಕುರುಡು ಸೀಳು. ಮೂರು ಮೂಲೆಯ ಬಿಲ್ಲೆಗಳಿಗೂ ಹೊರಮುಖವಾಗಿ, ಹೊರಸೀಳಿನಷ್ಟೇ ಅಗಲದ, ಎಲ್ಲಿಗೂ ತಲುಪದ ಸೀಳು ಕೊರೆಯಿರಿ. ಉದ್ದ ಎಷ್ಟು? ಊಹಿಸಬೇಡಿ. ತಂತ್ರಾಂಶದಲ್ಲಿ ಮೂರು ಸೀಳಿನ ಜೋಡಿಯ ಸಮ ಫೇಸ್ ಮತ್ತು ವಿರುದ್ಧ ಫೇಸ್ ಆವರ್ತನಗಳ ಸರಾಸರಿ ತೆಗೆದುಕೊಳ್ಳಿ. ಕುರುಡು ಸೀಳಿನ ಉದ್ದವನ್ನು 4ರಿಂದ 14 ಮಿ.ಮೀ.ವರೆಗೆ 1 ಮಿ.ಮೀ. ಹೆಜ್ಜೆಯಲ್ಲಿ ಬದಲಿಸುತ್ತ, ಒಂಟಿ ಬಿಲ್ಲೆಯ ಆವರ್ತನ ಆ ಸರಾಸರಿಗೆ ಕೂಡುವ ಉದ್ದ ಹಿಡಿಯಿರಿ. 20 ಹರ್ಟ್ಸ್ ಒಳಗೆ ಕೂಡಿದರೆ ಸಾಕು.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. ಮೂಲೆಯ ಬಿಲ್ಲೆಯ ಸ್ವಂತ ಆವರ್ತನ ಕೆಟ್ಟರೆ ಈ ಮೋಡ್ ಜರುಗುತ್ತದೆ, ಯಾವ ಟೋಪಾಲಜಿಯೂ ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಜೋಡಣೆಗಳ ಏರುಪೇರನ್ನು ತಡೆದುಕೊಳ್ಳುವ ಶಕ್ತಿಯಷ್ಟೇ ಅದಕ್ಕಿದೆ. ‘ಎಲ್ಲ ದೋಷಗಳಿಗೂ ಜಗ್ಗದು’ ಎಂದು ಬರೆಯುವವರನ್ನು ನಂಬಬೇಡಿ. ಚೌಕಾಕಾರದ ಸಿಯರ್ಪಿನ್ಸ್ಕಿ ಕಾರ್ಪೆಟ್‌ನಲ್ಲಿ ಈ ತಲೆನೋವು ನೂರ್ಮಡಿ: ಅಲ್ಲಿ ಪ್ರತಿ ರಂಧ್ರದ ಸುತ್ತಲೂ ನೆರೆ ಕಳೆದುಕೊಂಡ ಬಿಲ್ಲೆಗಳು. ತ್ರಿಕೋನದಲ್ಲಿ ಮೂರೇ ಇರುವುದರಿಂದಲೇ ಇದನ್ನು ಮೊದಲು ಮಾಡಿ ಎನ್ನುವುದು.

## ಹಂತ 4: ಸೀಳಿನ ಅಗಲ ನಿರ್ಧರಿಸಿ

ಬಿಲ್ಲೆಯ ವ್ಯಾಸ 40 ಮಿ.ಮೀ. ಸೀಳಿಲ್ಲದ, ಆದರ್ಶವಾಗಿ ಬಿಗಿದ 1 ಮಿ.ಮೀ. ಅಲ್ಯೂಮಿನಿಯಂ ಬಿಲ್ಲೆಯ ಮೊದಲ ಮೋಡ್ ಸುಮಾರು 6,330 ಹರ್ಟ್ಸ್, ಎರಡನೆಯದು 13,170. ನಡುವೆ ಸಾಕಷ್ಟು ಅಂತರವಿರುವುದರಿಂದ ಒಂದು ಬಿಲ್ಲೆಗೆ ಒಂದೇ ಸಂಖ್ಯೆ ಎಂಬ ನಮ್ಮ ಮ್ಯಾಟ್ರಿಕ್ಸ್ ನಿಲ್ಲುತ್ತದೆ. ಸೀಳು ತೆರೆದ ಮೇಲೆ ಆವರ್ತನ ಇಳಿದು 6,000ದ ಬಳಿ ಬಂದರೆ ಸರಿ, ಸ್ವಲ್ಪ ಆಚೀಚೆ ಆದರೂ ನಷ್ಟವಿಲ್ಲ.

ಎರಡು ಬಿಲ್ಲೆಗಳ ನಡುವಿನ ಒಂದು ಸೀಳಿನ ಅಗಲವನ್ನು 6ರಿಂದ 24 ಮಿ.ಮೀ.ವರೆಗೆ ಬದಲಿಸುತ್ತ ಎರಡು ಮೋಡ್‌ಗಳ ಅಂತರ ನೋಡಿ. ಅಂತರದ ಅರ್ಧವೇ ಜೋಡಣೆ. 40 ಕೊಡುವ ಅಗಲ ಒಳಸೀಳಿಗೆ, 200 ಕೊಡುವ ಅಗಲ ಹೊರಸೀಳಿಗೆ. ಲೆಕ್ಕದಲ್ಲಿ ಆ ಎರಡೂ ಬಿಲ್ಲೆಗಳಿಗೆ ಉಳಿದೆರಡು ಸೀಳುಗಳನ್ನು ಕುರುಡಾಗಿಯಾದರೂ ಇಡಿ, ಬೋಳು ಬಿಲ್ಲೆಯ ಲೆಕ್ಕ ಮೋಸ ಮಾಡುತ್ತದೆ. ಮೆಶ್ 2 ಮಿ.ಮೀ. ಮೀರದಿರಲಿ.

25 ಮಿ.ಮೀ. ಮೀರಬೇಡಿ. ಕಿರಿದಾದ ಸೀಳಿನಲ್ಲಿ ಅಲೆ ಕ್ಷೀಣಿಸುತ್ತ ಸಾಗುತ್ತದೆ, ಅದಕ್ಕೇ ಜೋಡಣೆ ಹತೋಟಿಯಲ್ಲಿರುವುದು. 30 ಮಿ.ಮೀ. ಅಗಲದ ಸೀಳು 6.2 ಕಿಲೋಹರ್ಟ್ಸ್ ಬಳಿಯೇ ಅಲೆಗೆ ಬಾಗಿಲು ತೆರೆದುಬಿಡುತ್ತದೆ. ಆಗ ಸೀಳೇ ಇನ್ನೊಂದು ಬಿಲ್ಲೆಯಂತೆ ವರ್ತಿಸುತ್ತದೆ.

ಹೋಲಿಕೆಯ ಅದಲುಬದಲು ಮಾದರಿಯಲ್ಲಿ (ಒಳಸೀಳು ಅಗಲ, ಹೊರಸೀಳು ಕಿರಿದು) ಬೇರೆ ತೊಡಕಿದೆ. ಗುಂಪಿನೊಳಗಿನ ಎರಡು ಸೀಳುಗಳ ನಡುವಿನ ಕೋನ 60 ಡಿಗ್ರಿ. 20 ಮಿ.ಮೀ. ಅಗಲದ ಸೀಳು ಅಂಚಿನ ಮೇಲೆ ಸರಿಯಾಗಿ 60 ಡಿಗ್ರಿ ಆವರಿಸುತ್ತದೆ, ಎರಡೂ ಸೀಳು ತಾಗಿ ನಡುವೆ ಹಿಡಿಯಲು ಲೋಹವೇ ಉಳಿಯುವುದಿಲ್ಲ. 16 ಮಿ.ಮೀ.ಗೆ ಇಳಿಸಿದರೆ 4.5 ಮಿ.ಮೀ. ಉಳಿಯುತ್ತದೆ. ಜೋಡಣೆ ಸ್ವಲ್ಪ ಕಡಿಮೆಯಾದರೂ ಹೋಲಿಕೆಗೆ ಸಾಕು.

## ಹಂತ 5: ಇಡೀ ಫಲಕಕ್ಕೆ ಮೊದಲು ಪರೀಕ್ಷಾ ತುಂಡು

ಉಳಿದ ಫಲಕದ ಚೂರಿನಲ್ಲಿ ಒಂದು ಒಳಸೀಳಿನ ಜೋಡಿ, ಒಂದು ಹೊರಸೀಳಿನ ಜೋಡಿ, ಒಂದು ಕುರುಡು ಸೀಳಿನ ಮೂಲೆ ಬಿಲ್ಲೆ ಕೊರೆಸಿ ಅಳೆಯಿರಿ. ನಿಜವಾದ ಬಿಗಿತ ಎಂದೂ ಆದರ್ಶವಲ್ಲ, ಎಲ್ಲ ಆವರ್ತನಗಳೂ ಲೆಕ್ಕಕ್ಕಿಂತ ಕೆಲವು ಶೇಕಡಾ ಕೆಳಗೆ ಬರುತ್ತವೆ. ಎಲ್ಲವೂ ಒಟ್ಟಿಗೆ ಇಳಿದರೆ ತೊಂದರೆಯಿಲ್ಲ. ಮೂಲೆಯದು ಮಾತ್ರ 50 ಹರ್ಟ್ಸ್‌ಗಿಂತ ಹೆಚ್ಚು ಬೇರೆಯಾದರೆ ಕುರುಡು ಸೀಳಿನ ಉದ್ದ ಬದಲಿಸಿ.

ಯಂತ್ರದವರಿಗೆ ಹೇಳಬೇಕಾದ ಒಂದೇ ಅಳತೆ: ತೂತಿನ ತ್ರಿಜ್ಯದಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ತಪ್ಪು ಬೇಡ. ಆವರ್ತನ ತ್ರಿಜ್ಯದ ವರ್ಗಕ್ಕೆ ವಿಲೋಮ, ಅಷ್ಟು ತಪ್ಪಿಗೇ 30 ಹರ್ಟ್ಸ್ ಜರುಗುತ್ತದೆ. ದಪ್ಪ ಲೋಹದಲ್ಲಿ ಗುಳಿ ತೋಡಿ ತೆಳು ತಳ ಬಿಡುವ ವಿಧಾನ ಈ ಕಾರಣಕ್ಕೇ ಬೇಡ: 1 ಮಿ.ಮೀ. ತಳದಲ್ಲಿ 0.05 ತಪ್ಪಿದರೆ 5%, ಅಂದರೆ 300 ಹರ್ಟ್ಸ್.

## ಹಂತ 6: ಬಿಗಿಯುವುದು

ಹಾಳೆಯ ಮೇಲಿನ ರಕ್ಷಣಾ ಪ್ಲಾಸ್ಟಿಕ್ ಪೊರೆಯನ್ನು ಎರಡೂ ಕಡೆ ಸುಲಿಯಿರಿ. ನಗಬೇಡಿ, ಒಂದು ಕಡೆಯ ಪೊರೆ ಉಳಿದು ಇಡೀ ಅಳತೆ ಮಂಕಾಗುವುದು ಸಾಮಾನ್ಯ. ಜಿಡ್ಡು ಒರೆಸಿ, ಡವೆಲ್ ಪಿನ್ ಹಾಕಿ ಮೂರೂ ಪದರ ಕೂಡಿಸಿ. ಪ್ರತಿ ಗುಂಪಿನ ನಡುಮಧ್ಯೆ ಒಂದು ಎಂ5 ಬೋಲ್ಟ್ ಹಿಡಿಯುತ್ತದೆ, ಆರು ಬಿಲ್ಲೆಗಳು ಸುತ್ತುವರಿದ ಷಟ್ಕೋನಗಳ ನಡುಮಧ್ಯೆ, ದೊಡ್ಡ ಖಾಲಿಯಲ್ಲಿ ಮತ್ತು ಹೊರ ಅಂಚಿನುದ್ದಕ್ಕೂ ಇನ್ನಷ್ಟು. ನಡುವಿನಿಂದ ಹೊರಕ್ಕೆ, ಮೊದಲ ಸುತ್ತು 2.5 ನ್ಯೂಟನ್-ಮೀಟರ್, ಎರಡನೇ ಸುತ್ತು 5.

ಧ್ವನಿಯ ಜೋರು ಹೆಚ್ಚಿಸಿದಾಗ ಶಿಖರ ಕೆಳಕ್ಕೆ ಜರುಗಿದರೆ ಹಾಳೆ ಎಲ್ಲೋ ಜಾರುತ್ತಿದೆ ಎಂದರ್ಥ. ಬಿಚ್ಚಿ, ಒರೆಸಿ, ಮತ್ತೆ ಬಿಗಿಯಿರಿ.

## ಹಂತ 7: ಮುಟ್ಟದೆ ಅಳೆಯಿರಿ

ಬಿಲ್ಲೆಯ ತೂಕ 3.4 ಗ್ರಾಂ. ಮೊದಲ ಮೋಡ್‌ನಲ್ಲಿ ಪರಿಣಾಮ ಬೀರುವ ದ್ರವ್ಯರಾಶಿ ಅದರ ಐದನೇ ಒಂದು ಭಾಗವೂ ಇಲ್ಲ, ಸುಮಾರು 0.65 ಗ್ರಾಂ. ಅರ್ಧ ಗ್ರಾಂನ ಆಕ್ಸೆಲೆರೋಮೀಟರ್ ಅಂಟಿಸಿದರೆ ಆವರ್ತನ 25% ಬೀಳುತ್ತದೆ. 10 ಮಿಲಿಗ್ರಾಂನ ಪ್ರತಿಫಲಕ ಟೇಪ್ ಚೂರು ಕೂಡ 45 ಹರ್ಟ್ಸ್ ಕದಿಯುತ್ತದೆ. ವೈಬ್ರೋಮೀಟರ್‌ಗೆಂದು ಟೇಪ್ ಹಚ್ಚುವುದಾದರೆ 27ಕ್ಕೂ ಒಂದೇ ತೂಕದ್ದು ಹಚ್ಚಿ, ಅಥವಾ ಯಾವುದಕ್ಕೂ ಬೇಡ.

ಸ್ಪೀಕರ್ ಕೊಳವೆಯ ಬಾಯಿ ಬಿಲ್ಲೆಯ ಕೆಳಗೆ 5 ಮಿ.ಮೀ. ದೂರದಲ್ಲಿ, ಮೈಕ್ರೋಫೋನ್ ಮೇಲೆ 3–5 ಮಿ.ಮೀ. ದೂರದಲ್ಲಿ. 5,500ರಿಂದ 6,500 ಹರ್ಟ್ಸ್‌ವರೆಗೆ 2 ಹರ್ಟ್ಸ್ ಹೆಜ್ಜೆ, ಪ್ರತಿ ಹೆಜ್ಜೆಯಲ್ಲಿ 50 ಮಿಲಿಸೆಕೆಂಡ್ ನಿಲ್ಲಿ. ಕ್ಯೂ 200 ಇದ್ದರೆ ಕಂಪನ ನೆಲೆಗೊಳ್ಳಲು ಅಷ್ಟು ಬೇಕು. ಒಂದು ಬಿಲ್ಲೆಗೆ 25 ಸೆಕೆಂಡು.

ಮೊದಲ ಸುತ್ತಿನಲ್ಲಿ ಪ್ರತಿ ಬಿಲ್ಲೆಯನ್ನೂ ಅಲ್ಲೇ ನುಡಿಸಿ ಅಲ್ಲೇ ಕೇಳಿ. ಈ 27 ವಕ್ರಗಳನ್ನು ಕೂಡಿಸಿದರೆ ಒಟ್ಟು ಮೋಡ್ ಸಾಂದ್ರತೆಯ ಚಿತ್ರ. ಎರಡನೇ ಸುತ್ತಿನಲ್ಲಿ 000 ಬಿಲ್ಲೆಯನ್ನು ನಡುವಿನ ಶಿಖರದ ಆವರ್ತನದಲ್ಲೇ ನುಡಿಸುತ್ತ ಉಳಿದ ಎಲ್ಲ ಬಿಲ್ಲೆಗಳ ಮಟ್ಟ ಮತ್ತು ಫೇಸ್ ಬರೆದುಕೊಳ್ಳಿ. ನಡುನಡುವೆ ಗಟ್ಟಿ ಫಲಕದ ಮೇಲೆ ಮೈಕ್ ಹಿಡಿದು ಗಾಳಿಯಲ್ಲಿ ಸೋರಿ ಬರುವ ಸದ್ದನ್ನೂ ಅಳೆಯಿರಿ. −0.2ರ ಬಿಲ್ಲೆ ಆ ಸದ್ದಿಗಿಂತ ಕನಿಷ್ಠ ಐದು ಪಟ್ಟು ಮೇಲಿರಬೇಕು.

## ಹಂತ 8: ಸಾಬೀತು

ಶಿಖರ ಗ್ಯಾಪ್‌ನ ನಡುವೆ ಇದೆಯೇ, ಅದು ಮೂರು ಮೂಲೆಗಳಲ್ಲಿ ಮಾತ್ರವೇ? ಗುಂಪಿನ ಸಂಗಾತಿಗಳು ಮೌನ, ಹೊರಸೀಳು ದಾಟಿದವು ವಿರುದ್ಧ ಫೇಸ್‌ನಲ್ಲಿ ಐದನೇ ಒಂದು ಮಟ್ಟದಲ್ಲಿವೆಯೇ? ಅದಲುಬದಲು ಮಾದರಿಯಲ್ಲಿ ಅದೇ ಜಾಗ ಖಾಲಿಯೇ? ಕೆಳಗಿನ ಕಂತೆಯ ಕೆಳಗೆ, ಎಂದರೆ ಗಟ್ಟಿ ಜೋಡಣೆಯ ಎರಡರಷ್ಟು ಕೆಳಗೆ, ಏನೂ ಇಲ್ಲವೇ? ನಾಲ್ಕಕ್ಕೂ ಹೌದು ಬರಬೇಕು. ಮೂರಕ್ಕೆ ಮಾತ್ರ ಬಂದರೆ ಹಂತ 3ಕ್ಕೆ ಮರಳಿ.

ಆಮೇಲೆ ಕೆಣಕಿ ನೋಡಿ. ಮೂಲೆಯಿಂದ ದೂರದ ಒಂದು ಬಿಲ್ಲೆಗೆ 20 ಮಿಲಿಗ್ರಾಂ ಜೇಡಿ ಅಂಟಿಸಿ: ಮೂಲೆಯ ಶಿಖರ ಕದಲಬಾರದು. ಅದೇ ಜೇಡಿ ಮೂಲೆಯ ಬಿಲ್ಲೆಗೆ ಅಂಟಿಸಿ: ಸುಮಾರು 80–90 ಹರ್ಟ್ಸ್ ಕೆಳಗೆ ಜರುಗಬೇಕು. ಎರಡನೆಯದು ಆಗದಿದ್ದರೆ ನೀವು ನೋಡುತ್ತಿರುವುದು ಮೂಲೆಯ ಮೋಡ್ ಅಲ್ಲ.

## ಕಂಡರೆ ನಿಲ್ಲಬೇಕಾದ ಸೂಚನೆಗಳು

ಎಲ್ಲ ಬಿಲ್ಲೆಗಳಲ್ಲೂ ಒಂದೇ ಆವರ್ತನದ ಶಿಖರ: ಅದು ಚೌಕಟ್ಟಿನ ಸ್ವಂತ ಮೋಡ್. ಈ ಅಳತೆಯ 21 ಮಿ.ಮೀ. ಒಟ್ಟು ದಪ್ಪಕ್ಕೆ ಪ್ರತಿ 300 ಹರ್ಟ್ಸ್‌ಗೆ ಒಂದರಂತೆ ಬರುತ್ತದೆ, ತಪ್ಪಿಸಲಾಗದು. ಫಲಕದ ಅಂಚಿಗೆ 1 ಕಿಲೋ ತೂಕ ಇಟ್ಟರೆ ಅದು ಜರುಗುತ್ತದೆ, ಮೂಲೆ ಮೋಡ್ ಜರುಗದು. ಎರಡೂ ಒಂದರ ಮೇಲೊಂದು ಬಿದ್ದಿದ್ದರೆ ಆ ತೂಕವನ್ನು ಅಲ್ಲೇ ಬಿಟ್ಟು ಅಳೆಯಿರಿ.

ಮೂರು ಮೂಲೆಗಳಲ್ಲಿ ಎರಡರಲ್ಲಿ ಮಾತ್ರ ಶಿಖರ: ಮೂರನೆಯದರ ಬಳಿಯ ಬೋಲ್ಟ್ ನೋಡಿ, ಆಮೇಲೆ ಅಲ್ಲಿನ ಹಾಳೆಯಲ್ಲಿ ನೆಗ್ಗು ಇದೆಯೇ ನೋಡಿ.

ಶಿಖರ ಮೂಲೆಯಲ್ಲಿದೆ, ಆದರೆ ಮೇಲಿನ ಕಂತೆಗಿಂತಲೂ ಮೇಲೆ: ಕುರುಡು ಸೀಳು ಚಿಕ್ಕದಾಗಿದೆ. ಕೆಳಗಿನ ಕಂತೆಯ ಕಡೆಗೆ ವಾಲಿದೆ: ಉದ್ದವಾಗಿದೆ.

ಕಂತೆಗಳೊಳಗೆ ಸಣ್ಣ ಸಣ್ಣ ಬಿರುಕುಗಳು: ಅವು ಫ್ರ್ಯಾಕ್ಟಲ್‌ನ ಸಹಜ ಗುಣ, ಮೋಡ್‌ಗಳು ಗೊಂಚಲು ಗೊಂಚಲಾಗಿಯೇ ಬರುತ್ತವೆ. ಪ್ರತಿ ಬಿರುಕಿಗೂ ಒಂದು ಟೋಪಾಲಜಿ ಹುಡುಕಬೇಡಿ. ಆ ಗೊಂಚಲುಗಳನ್ನೇ ಸ್ಪಷ್ಟವಾಗಿ ನೋಡಬೇಕೆಂದರೆ ನಾಲ್ಕಕ್ಷರದ ವಿಳಾಸಕ್ಕೆ ಹೋಗಿ: 81 ಬಿಲ್ಲೆ, 39 ಹೊರಸೀಳು, ಬುಡದ ಉದ್ದ 750 ಮಿ.ಮೀ. ಕುರುಡು ಸೀಳು ಆಗಲೂ ಮೂರೇ.